ಕೇಕಿನ ಮೇಲಿನ ಶಾಂತಾ

"ಯಾರು ಈ ಶಾಂತಾ?"

ಹಿಲ್ಡಾಳ ದನಿಗೆ ಗಲ್ಫಿನ ಅಲ್ ಹಿಲಾಲ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ನಗುತ್ತಿದ್ದವರೆಲ್ಲ ಕೇಕಿನ ಕಡೆ ತಿರುಗಿದರು.

ಮೇಜಿನ ಮೇಲೆ ನಿಶ್ಚಿತಾರ್ಥದ ಕೇಕು. ಅದರ ಮೇಲೆ ಗುಲಾಬಿ ಕ್ರೀಮಿನಲ್ಲಿ... 'ನಿಂಗರಾಜ, ಶಾಂತಾ'!

ಕೋಪ ಬರದೇ ಇರುತ್ತದೆಯೇ, ನೀವೇ ಹೇಳಿ! ಜಗಳವಾಡಿ, ಅತ್ತು, ಎರಡು ಧರ್ಮದ ಮನೆಗಳನ್ನು ಒಪ್ಪಿಸಿದವಳು ಮಂಗಳೂರಿನ ಈ ನರ್ಸ್ ಹುಡುಗಿ. ಈಗ ಅವಳ ಕೇಕಿನ ಮೇಲೆ ಇನ್ಯಾರದೋ ಹೆಸರು.

ಮರುಭೂಮಿಯಾಚೆ ದುಖಾನ್‌ನ ಆಯಿಲ್ ಕಂಪನಿಯಲ್ಲಿ ದುಡಿಯುವ ಬಾಗಲಕೋಟೆಯ ನಿಂಗರಾಜ ತಲೆ ಕೆರೆದುಕೊಂಡ.

"ನಮ್ಮನ್ಯಾಗ ಸೊಸಿ ಹೆಸರು ಬದಲಿಸೂದು ಪದ್ಧತಿ. ಅವ್ವ ನಿನಗ ಶಾಂತಾ ಅಂತ ಇಟ್ಟಾಳ. ಸರ್‌ಪ್ರೈಸ್ ಕೊಡೋಣು ಅಂತ..."

"ನನ್ನ ಹೆಸರು ತೆಗೆದು ನನಗೇ ಸರ್‌ಪ್ರೈಸಾ?"

"ಒಂದು ಹೆಸರಿಗೆ ಇಷ್ಟ್ಯಾಕ ಸಿಟ್ಟು?"

ಅಷ್ಟೇ! ಬೆಂಕಿಗೆ ತುಪ್ಪ ಸುರಿದಂತಾಯಿತು.

"ಒಂದು ಹೆಸರಾ? ಕೇಳು ಮಾರಾಯ. ಹಿಲ್ಡಾ ಅಂದ್ರೆ ಯುದ್ಧ. ಹಳೇ ಜರ್ಮನ್ ಕಡೆಯ ಜನ ಹೆಣ್ಣುಮಗುವಿಗೂ ಆ ಹೆಸರಿಡ್ತಿದ್ರು. ಆಮೇಲೆ ಇಂಗ್ಲೆಂಡಿನಲ್ಲಿ ಹಿಲ್ಡಾ ಅಂತ ಒಬ್ಬಳು ಸನ್ಯಾಸಿನಿ, ರಾಜರೇ ಅವಳ ಹತ್ರ ಬುದ್ಧಿ ಕೇಳ್ಲಿಕ್ಕೆ ಬರ್ತಿದ್ರಂತೆ. ಅವಳು ಸಂತಳಾದಳು, ಹೆಸರು ಇಗರ್ಜಿಯ ಜೊತೆ ಕಡಲು ದಾಟಿ ನಮ್ಮೂರಿಗೆ ಬಂತು. ನನ್ನ ಅಪ್ಪನ ಅಮ್ಮನಿಗೆ ಬಂತು. ಗಂಡ ಸತ್ತ ಮೇಲೆ ಹಂಚಿನ ಕಾರ್ಖಾನೆಯಲ್ಲಿ ದುಡಿದು ಮಕ್ಕಳನ್ನು ಸಾಕಿದವಳು ಅವಳು! ನಮ್ಮಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರೇ. ಅದನ್ನು ನೀನು ಕ್ರೀಮಿನಲ್ಲಿ ಒರೆಸ್ತೀಯಾ?"

ಇವನಿಗೆ ನಾನು ಬೇಕೋ, ನಾನಲ್ಲದ ಇನ್ಯಾರೋ ಬೇಕೋ... ಹಿಲ್ಡಾ ಉಂಗುರ ತೆಗೆದು ಕೇಕಿನ ಪಕ್ಕ ಇಟ್ಟಳು.

"ಶಾಂತಾ ಬಂದ್ರೆ ಕೊಡು. ಖಲಾಸ್!"

ನಿಂಗರಾಜನಿಗೂ ರೇಗಿತು. "ನಮ್ಮವ್ವನೂ ಬದಲಿಸಿಕೊಂಡಾಳ! ನೀಲಗಂಗಾ ಅನ್ನೂದು ಆಕಿ ಹುಟ್ಟುಹೆಸರಲ್ಲ!"

"ಮತ್ತೆ ಹುಟ್ಟುಹೆಸರು ಎಂತದು?"

ನಿಂಗರಾಜ ಬಾಯಿ ತೆರೆದ... ಗೊತ್ತಿರಲಿಲ್ಲ.

"ಹೆತ್ತ ತಾಯಿಯ ಹೆಸರೇ ಗೊತ್ತಿಲ್ಲ ನಿನಗೆ! ಕೇಳು ಅವರನ್ನೇ!"

ಹಟಕ್ಕೆ ಬಿದ್ದು ಸ್ಪೀಕರಿನಲ್ಲಿ ಅವ್ವನಿಗೆ ಫೋನ್ ಹಚ್ಚಿ, ಜಗಳದ ಸುದ್ದಿ ಹೇಳಿ ಹುಟ್ಟುಹೆಸರು ಕೇಳಿದ. ಆ ಕಡೆ ನೀಲಗಂಗಾ ಮೊದಲು ನಕ್ಕರು.

"ಕಲ್ಲವ್ವ ಅಂತಿದ್ರಪಾ... ನಮ್ಮವ್ವ ಸತ್ತ ಮ್ಯಾಲ ಯಾರೂ ಹಂಗ ಕರದಿಲ್ಲ."

ಅವರು ಅಳುತ್ತಿದ್ದರು. "ಆ ಹುಡುಗಿ ಹೆಸರು ಆಕಿಗೇ ಇರ್ಲಿ ಮಗಾ. ಕಸ್ಕೋಬ್ಯಾಡ."

ಹಿಲ್ಡಾಳ ಕಣ್ಣು ತುಂಬಿತು. ಆದರೆ ಸಿಟ್ಟು ಇಳಿಯಲಿಲ್ಲ.

"ಅಮ್ಮ ಬೇಡ ಅಂದ್ರು ಅಂತ ಬಿಡ್ತೀಯಾ? ನಿನಗೆ ಸ್ವಂತ ಬುದ್ಧಿ ಇಲ್ವಾ?"

"ತಪ್ಪು ನಂದ. ಮೊದಲ ನಿನ್ನ ಕೇಳಬೇಕಿತ್ತು." ಚಾಕು ತೆಗೆದುಕೊಂಡು ಕೇಕಿನ ಮೇಲಿನ ಶಾಂತಾಳನ್ನು ಕೆರೆದು ತೆಗೆದ. "ನಮ್ಮ ಕಡೆ ಮದುವ್ಯಾಗ ಹೆಂಡತಿ ಒಡಪು ಕಟ್ಟಿ, ಪ್ರಾಸದಾಗ ಗಂಡನ ಹೆಸರು ಹೇಳ್ತಾಳ. ಇವತ್ತ ನಾ ನಿನ್ನ ಹೆಸರು ಹೇಳ್ತೀನಿ."

ಎಲ್ಲರ ಮುಂದೆ ಜೋರಾಗಿ ಹೇಳಿದ.

"ದುಖಾನ್ ದಾರ್ಯಾಗ ನೆರಳಿಲ್ಲ... ನನ್ನ ಹಿಲ್ಡಾನ ಹೆಸರಿಗೆ ಬದಲಿಲ್ಲ!"

ಅಳುತ್ತಲೇ ನಕ್ಕುಬಿಟ್ಟಳು ಅವಳು. ಕೈ ಮುಂದೆ ಚಾಚಿದಳು.

"ಉಂಗುರ ಹಾಕು. ಜಗಳ ಇನ್ನೂ ಮುಗಿದಿಲ್ಲ, ಗೊತ್ತಾಯ್ತಲ್ಲ?"

"ಮುಗಿಯೂದ ಬ್ಯಾಡ ಹಿಲ್ಡಾ... ಸಾಯೋತನಕ ನಡೀಲಿ."