ಕೆಂಪು ಕ್ಯಾನಿನ ಚುಕ್ಕೆಗಳು

ಸುಟ್ಟ ಪೇಂಟಿನ ವಾಸನೆ. ಚಿಕ್ಕಂದಿನಲ್ಲಿ ಅಪ್ಪ ಹಳೇ ಬಾಗಿಲಿಗೆ ಉರಿ ಹಿಡಿದು ಬಣ್ಣ ಕೆರೆಯುವಾಗ ಮನೆಯೆಲ್ಲ ಹೀಗೇ ನಾರುತ್ತಿತ್ತು. ಇನ್ಸ್‌ಪೆಕ್ಟರಮ್ಮ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸುಟ್ಟುಹೋದ ಪೇಂಟ್ ಗೋದಾಮಿನೊಳಗೆ ಕಾಲಿಟ್ಟರು. ಮೂಲೆಯಲ್ಲಿ ವಾಚ್‌ಮನ್ ತಾತನ ಹೆಣ. ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು.

ಮ್ಯಾನೇಜರು ಪೆನ್‌ಡ್ರೈವ್ ಕೊಟ್ಟ. "ಗೇಟಿನ ಕ್ಯಾಮೆರಾದ ಚಿತ್ರ ಮೇಡಂ. ನಮ್ಮ ಡ್ರೈವರೇ. ಕೈಯಲ್ಲಿ ಪೆಟ್ರೋಲ್ ಕ್ಯಾನು."

*

ಠಾಣೆಗೆ ಕರೆತಂದ ಡ್ರೈವರನ ಅಂಗಿಯೂ ಪೆಟ್ರೋಲ್ ನಾರುತ್ತಿತ್ತು.

"ಗಾಡಿ ಕೆಟ್ಟಿತ್ತಕ್ಕಾ, ಪೈಪು ಬಿಚ್ಚಿದ್ದೆ."

"ಅಕ್ಕ ಅಂತೆ. ನೆಂಟಸ್ತಿಕೆ ಬೇರೆ," ಪೇದೆ ಗದರಿದ.

"ಗೇಟಿಗೆ ಯಾಕೆ ಹೋಗಿದ್ದೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ದಿನಾ ಹೋಗ್ತೀನಿ. ತಾತನ ಜೊತೆ ಚದುರಂಗ."

"ಜಗಳ ಆಗಿತ್ತಂತೆ?"

"ಅದೂ ದಿನಾ. ಕುದುರೆ ಕದೀತಿದ್ದ ಮುದುಕ." ಡ್ರೈವರನ ದನಿ ಒಡೆಯಿತು.

ಹೊರಗಿನ ಬೆಂಚಿನಲ್ಲಿ ಅವನ ತುಂಬು ಬಸುರಿ ಹೆಂಡತಿ ಬೆಳಗಿನಿಂದ ನೀರೂ ಮುಟ್ಟದೆ ಕೂತಿದ್ದಳು. ಸಂಜೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿಂದ ಜೈಲು, ಮಗು ಹುಟ್ಟುವಾಗಲೂ ಅಲ್ಲೇ.

"ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅವಳನ್ನ ಮನೆಗೆ ಕಳಿಸಿಬಿಡಿ," ಎಂದ.

*

ಇನ್ಸ್‌ಪೆಕ್ಟರಮ್ಮ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತ ಹೋದರು. ಕ್ಯಾನಿನ ಬಳಿ ಕೈ ನಿಂತಿತು. ಮ್ಯಾನೇಜರನ್ನು ಕರೆಸಿದರು.

"ಇದನ್ನ ದೊಡ್ಡದು ಮಾಡಿದ್ಯಾರು?"

"ನಾನೇ. ಅಂಚೆಚೀಟಿಯಷ್ಟಿತ್ತು. ಬೇರೇನೂ ಮುಟ್ಟಿಲ್ಲ."

"ಮೊದಲಿನದು?"

"ಅದರ ಮೇಲೇ ಸೇವ್ ಮಾಡ್ಬಿಟ್ಟೆ."

"ಕೂತ್ಕೊಳ್ಳಿ. ಇದೆಲ್ಲ ಚುಕ್ಕೆಗಳು. ದೊಡ್ಡದು ಮಾಡಿದ್ರೆ ಹೊಸ ವಿವರ ಹುಟ್ಟಲ್ಲ, ಇದ್ದ ಚುಕ್ಕೆಯೇ ಊದಿ ಚೌಕ ಆಗುತ್ತೆ. ಮುಖ ನೋಡಿ, ಗೋಡೆ ನೋಡಿ, ದಪ್ಪ ಚೌಕಗಳು. ಕ್ಯಾನು ಮಾತ್ರ ಸಣ್ಣ ಚುಕ್ಕೆಗಳಲ್ಲಿದೆ."

"ಬೆಳಕು ಬಿದ್ದಿರಬೇಕು."

"ಬಣ್ಣಕ್ಕೇನಂತೀರಿ? ನಿಮ್ಮ ಹಳೇ ಕ್ಯಾಮೆರಾಗೆ ಗೊತ್ತಿರೋದೇ ಇನ್ನೂರೈವತ್ತಾರು ಬಣ್ಣ. ಅದಕ್ಕೇ ಗೋಡೆಯ ನೆರಳು ಮೆಟ್ಟಿಲು ಮೆಟ್ಟಿಲಾಗಿದೆ. ಈ ಕ್ಯಾನಿನ ಕೆಂಪಿನಲ್ಲೇ ಅದಕ್ಕಿಂತ ಹೆಚ್ಚು ಛಾಯೆಗಳಿವೆ. ಬೇರೆ ಫೋಟೋದ್ದು. ಅಂಚೆಚೀಟಿಯಷ್ಟರಲ್ಲಿ ಅಂಟಿಸೋಕೆ ಕೈ ಓಡಲಿಲ್ಲ. ಮೊದಲು ಹಿಗ್ಗಿಸಿದ್ರಿ, ಆಮೇಲೆ ಅಂಟಿಸಿದ್ರಿ."

ಮ್ಯಾನೇಜರು ಬೆವರು ಒರೆಸಿಕೊಂಡ.

"ತುಂಬಿದ ಪೇಂಟ್ ಡಬ್ಬ ಬೆಂಕೀಲಿ ಸಿಡಿಯುತ್ತೆ. ಅಲ್ಲಿ ಒಂದೂ ಸಿಡಿದಿಲ್ಲ, ಎಲ್ಲ ಖಾಲಿ ಡಬ್ಬ. ನೀವು ಮಾಲು ಕದ್ದು ಸಾಗಿಸಿದ್ದನ್ನ ತಾತ ನೋಡಿದ್ರು, ಅಲ್ವಾ?"

"ಅವನು ಒಳಗಿದ್ದಾನೆ ಅಂತ ಗೊತ್ತಿರಲಿಲ್ಲ ಮೇಡಂ."

"ಮತ್ತೆ ಚಿಲಕ ಯಾರಿಗೆ ಹಾಕಿದ್ರಿ?"



*

ಡ್ರೈವರು ಹೊರಬಂದು ಹೆಂಡತಿಯ ಪಕ್ಕ ಕುಸಿದ. ಬಿಡುಗಡೆಯಾದ ಮೇಲೆಯೇ ಅವನಿಗೆ ತಾತನಿಗಾಗಿ ಅಳಲು ಸಾಧ್ಯವಾಯಿತು. ಗದರಿದ್ದ ಪೇದೆ ತನ್ನ ಊಟದ ಬುತ್ತಿ ತಂದ. ಮುಚ್ಚಳ ತೆಗೆದು, ಅವಳ ಕೈಗಿಟ್ಟು ಒಳಗೆ ಹೋದ.