ಬೈಂಡರನ ಬೆರಳು

ಪುಸ್ತಕದ ಬೈಂಡರ್ ಸತ್ತದ್ದು ರೇಬೀಸ್‌ನಿಂದ. ಕೊಂದದ್ದು ಎದುರು ಮನೆಯ ನಾಯಿ, ಹಿಂದೊಮ್ಮೆ ಅವನ ಕಾಲಿಗೆ ಬಾಯಿ ಹಾಕಿತ್ತಲ್ಲ! ಬೀದಿಗೆ ಬೀದಿಯೇ ತೀರ್ಪು ಕೊಟ್ಟಾಗಿತ್ತು. ನಾನೂ ನಂಬಿದ್ದೆ.

ಪ್ರಯೋಗಾಲಯದ ಡಾಕ್ಟರಮ್ಮ ವರದಿ ಹಿಡಿದು ನಾನು ಓಡಿಸುವ ಜೀಪಿನ ಹತ್ತಿರ ಬಂದರು.

"ನಾಯಿ ಅಲ್ಲ ಕಣ್ರೀ ಡ್ರೈವರ್ರೇ. ರೇಬೀಸ್ ವೈರಸ್‌ನಲ್ಲೂ ಬಗೆಗಳಿವೆ. ನಾಯಿಗಳಲ್ಲಿ ಓಡಾಡೋದರ ಗುರುತೇ ಬೇರೆ. ಇದು ಹುಳ ತಿನ್ನೋ ಸಣ್ಣ ಬಾವಲಿಯದು."

"ಯಾವುದಾದರೇನು? ಹೋದವನು ಹೋದ."

"ಆ ಮನೇಲಿ ಇನ್ನೂ ಇಬ್ಬರಿದ್ದಾರೆ. ಅವರನ್ನೂ ಕಚ್ಚಿದ್ದರೆ? ರೋಗ ಕಾಣಿಸಿಕೊಂಡ ಮೇಲೆ ಲಸಿಕೆ ಹಾಕಿ ಏನು ಪ್ರಯೋಜನ? ಗಾಡಿ ತೆಗೀರಿ!"

ಬೈಂಡಿಂಗ್ ಅಂಗಡಿಯ ತುಂಬ ಅಂಟಿನ ವಾಸನೆ. ಅರ್ಧ ಹೊಲಿದ ಪುಸ್ತಕಗಳ ನಡುವೆ ಬೈಂಡರನ ಹೆಂಡತಿ ಕುಳಿತಿದ್ದಳು. ಬಾಗಿಲಲ್ಲಿ ಅವಳ ಮೈದುನ, ಎದುರು ಮನೆಯ ಆ ನಾಯಿಯನ್ನು ಒದ್ದು ಅಟ್ಟುತ್ತಿದ್ದ.

"ಅಣ್ಣನ್ನ ತಿಂದ ನಾಯಿನ ಇನ್ನೂ ಯಾಕೆ ಬಿಟ್ಟಿದ್ದೀರಿ?"

"ಅದು ಗುಂಡುಕಲ್ಲಿನ ಹಾಗಿದೆ. ಅದಕ್ಕೆ ರೋಗ ಇದ್ದಿದ್ದರೆ ಎಂದೋ ಸಾಯುತ್ತಿತ್ತು. ಬಾಯಿ ಮುಚ್ಚಯ್ಯ," ಎಂದೆ.

ಡಾಕ್ಟರಮ್ಮ ಹೆಂಡತಿಯ ಎದುರು ಕುಳಿತರು.

"ಮನೆಯೊಳಗೆ ಬಾವಲಿ ಬಂದಿತ್ತೇನಮ್ಮಾ?"

"ಬಾವಲಿಯಾ? ಇಲ್ಲಪ್ಪ. ಅದು ದೊಡ್ಡ ಮರದಲ್ಲಿರುತ್ತೆ. ಇಲ್ಲಿಗ್ಯಾಕೆ ಬರುತ್ತೆ?"

"ಯಜಮಾನರಿಗೆ ಏನಾದ್ರೂ ಗಾಯ?"

"ಸೂಜಿ ಚುಚ್ಚಿದ್ದು. ಪುಸ್ತಕ ಹೊಲಿಯೋ ಬೆರಳು, ದಿನಾ ಇದ್ದದ್ದೇ. ಒಂದ್ಸಲ ಮಾತ್ರ ಎರಡು ಚುಚ್ಚು ಅಕ್ಕಪಕ್ಕ ಬಿದ್ದಿತ್ತು. 'ನೋಡೇ, ಸೂಜಿಗೂ ಜೋಡಿ ಸಿಕ್ತು' ಅಂತ ನಕ್ಕಿದ್ರು."

ಡಾಕ್ಟರಮ್ಮನ ಪೆನ್ನು ನಿಂತಿತು. "ಯಾವತ್ತು?"

"ಎರಡು ತಿಂಗಳಾಯ್ತು. ಅಟ್ಟದಿಂದ ರಟ್ಟು ಇಳಿಸಿದ ದಿನ. ರಟ್ಟಿನ ಮಧ್ಯೆ ಒಂದು ತೊಗಲಕ್ಕಿ ಸಿಕ್ಕೊಂಡಿತ್ತು. ಪಾಪ, ಅಂಗೈಯಷ್ಟೂ ಇರಲಿಲ್ಲ."

ನನಗೆ ಮೈ ಉರಿಯಿತು. "ಈಗ ತಾನೇ ಇಲ್ಲ ಅಂದ್ರಲ್ಲಮ್ಮಾ!"

"ನೀವು ಕೇಳಿದ್ದು ಬಾವಲಿ. ತೊಗಲಕ್ಕಿ ಹಕ್ಕಿ ಅಲ್ವಾ?"

"ಬೈಯಬೇಡಿ ಡ್ರೈವರ್ರೇ, ತಪ್ಪು ನಮ್ಮದು," ಎಂದರು ಡಾಕ್ಟರಮ್ಮ. "ಆಸ್ಪತ್ರೆಯವರೂ ಬಾವಲಿ ಅಂತಲೇ ಕೇಳಿದ್ರು. ತೊಗಲಕ್ಕಿ ಹಕ್ಕಿಯಲ್ಲಮ್ಮ, ಅದೇ ಸಣ್ಣ ಬಾವಲಿ. ಹಲ್ಲು ಸೂಜಿಮೊನೆಯಷ್ಟು. ಆದರೆ ಸೂಜಿ ಒಂದ್ಸಲಕ್ಕೆ ಒಂದೇ ತೂತು ಮಾಡುತ್ತೆ, ಎರಡಲ್ಲ. ಕೊಂದದ್ದು ಅದೇ. ನೀವು ಮುಟ್ಟಿದ್ರಾ?"

"ಅಯ್ಯೋ, ನನಗೆ ಭಯ."

"ಹಾಗಾದರೆ ಆಚೆಗೆ ಬಿಟ್ಟವರು ಯಾರು?"

ಅವಳು ಮೈದುನನ ಕಡೆ ತಿರುಗಿದಳು. ಅಷ್ಟು ಹೊತ್ತು ಎಗರಾಡುತ್ತಿದ್ದವನು ಬಲಗೈಯನ್ನು ಜೇಬಿಗೆ ತುರುಕಿದ.

"ಕಚ್ಚಿತಾ?"

"ಸ್ವಲ್ಪ... ಪರಚಿತು ಅಷ್ಟೆ." ಅವನ ದನಿ ಇಳಿಯಿತು. "ನಾಯಿಯದೇ ಆಗಿದ್ರೆ ನನಗೇನೂ ಆಗಲ್ಲ, ಅಲ್ವಾ ಡಾಕ್ಟರೇ?"

ಬೈಗುಳ ಗಂಟಲಿನ ತನಕ ಬಂತು. ನುಂಗಿಕೊಂಡು, ಅವನ ರಟ್ಟೆ ಹಿಡಿದು ಜೀಪಿನ ಕಡೆ ಎಳೆದೆ.

"ಮೈಯಲ್ಲಿ ಇನ್ನೂ ಏನೂ ಕಾಣಿಸಿಲ್ಲ, ಹೊತ್ತಿದೆ," ಎಂದು ಡಾಕ್ಟರಮ್ಮ ಅತ್ತಿಗೆಗೆ ಹೇಳಿದರು. "ಇವತ್ತೇ ಲಸಿಕೆ ಶುರು."

ನಾಯಿ ಬಾಲ ಅಲ್ಲಾಡಿಸುತ್ತ ಬಂದು ಅವನ ಬಲಗೈ ಮೂಸಿತು. ಈ ಸಲ ಅವನು ಒದೆಯಲಿಲ್ಲ.