ಪಕ್ಕದ ಕೋಣೆಯ ಸುತ್ತಿಗೆ

ಆಗ ನನಗೆ ಹನ್ನೆರಡು ವರ್ಷ. ಪೀಪಾಯಿ ಮಾಡುವ ನನ್ನಪ್ಪ ಎತಿಯೆನ್ ನಮ್ಮನ್ನು ಫ್ರಾನ್ಸಿನಿಂದ ಕೆನಡಾದ ಕೆಬೆಕ್ಕಿಗೆ ಕರೆತಂದ ಮೇಲಿನ ಎರಡನೇ ಚಳಿಗಾಲ ಅದು. ಅಮ್ಮನಿಗೆ ಇಲ್ಲಿ ಮನಸ್ಸು ನಿಂತಿರಲಿಲ್ಲ. ಹಿಮ ಕರಗಿದೊಡನೆ ಊರಿಗೆ ಮರಳಬೇಕೆಂದು ಹಟ ಹಿಡಿದಿದ್ದಳು.

ಒಂದು ಮಧ್ಯಾಹ್ನ ಅಪ್ಪನ ಕೆಲಸದ ಕೋಣೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಅಮ್ಮ ಕೂಗಿದಳು: "ರೀ, ಬಟಾಣಿ ಸಾರು ಆರ್ತಿದೆ, ಬನ್ನಿ!"

"ಬಂದೆ ಕಣೇ, ಇನ್ನೊಂದೇ ಪಟ್ಟಿ ಬಿಗಿಯೋದಿದೆ," ಎಂದಿತು ಅಪ್ಪನ ದನಿ.

ಅಷ್ಟರಲ್ಲಿ ಬೀದಿ ಬಾಗಿಲು ತೆರೆದು ಅಪ್ಪ ಒಳಬಂದ. ಗಡ್ಡದ ತುಂಬ ಹಿಮ. ಬೆಳಗ್ಗೆಯೇ ಮರ ತರಲು ನದಿಯಾಚೆ ಹೋಗಿದ್ದನಂತೆ.

"ಒಳಗೆ ಯಾರೇ ಅದು?"

"ನೀವೇ ಅಲ್ವೇನ್ರೀ?" ಎಂದಳು ಅಮ್ಮ.

ಸುತ್ತಿಗೆ ಇನ್ನೂ ಬಡಿಯುತ್ತಲೇ ಇತ್ತು. ಅಪ್ಪ ಕೋಣೆಯ ಬಾಗಿಲು ತಳ್ಳಿದ, ಸದ್ದು ನಿಂತಿತು. ಯಾರೂ ಇರಲಿಲ್ಲ. ಬೆಳಗ್ಗೆ ನೆಲದ ಮೇಲಿದ್ದ ಹಲಗೆಗಳು ಪೀಪಾಯಿಯಾಗಿ ನಿಂತಿದ್ದವು. ಕಬ್ಬಿಣದ ಪಟ್ಟಿ ಮುಟ್ಟಿದೆ, ಬೆಚ್ಚಗಿತ್ತು. ಅಪ್ಪ ನೀರು ಹೊಯ್ದು ನೋಡಿದ. ಒಂದು ಹನಿಯೂ ಸೋರಲಿಲ್ಲ.

"ನನ್ನ ಕೈಕೆಲಸವೇ ಇದು," ಎಂದು ಗೊಣಗಿದ.

"ಇಲ್ಲೂ ನಮಗೊಬ್ಬ ಜೊತೆಗಿದ್ದಾನೆ," ಎಂದ ಅಮ್ಮ ಆಮೇಲೆ ಊರಿಗೆ ಮರಳುವ ಮಾತೇ ಎತ್ತಲಿಲ್ಲ. ಮೂವರ ಊಟಕ್ಕೆ ನಾಲ್ಕು ಬಟ್ಟಲು ಇಡತೊಡಗಿದಳು. ಯಾಕೆಂದು ಅಪ್ಪ ಒಂದು ದಿನವೂ ಕೇಳಲಿಲ್ಲ.